ಟ್ರೈಪಾಡ್ ಕಾಲಿಗೆ ಕೊಬ್ಬರಿ ಎಣ್ಣೆ ಬಿಡಬಹುದೇ? ಮರಳು, ಉಪ್ಪುನೀರು ತಾಗಿದ ಮೇಲೆ ಮಾಡಬೇಕಾದ್ದೇನು?

ಮಲ್ಪೆಯಲ್ಲೋ ಗೋಕರ್ಣದಲ್ಲೋ ಸೂರ್ಯಾಸ್ತದ ಫೋಟೊ, ರೀಲ್ಸ್ ಮುಗಿಸಿ ಮನೆಗೆ ಬಂದ ಮೇಲೆ ಟ್ರೈಪಾಡ್‌ನ ಕಾಲು ಕರಕರ ಎನ್ನಲು ಶುರುವಾಗುತ್ತದೆ. ಆಗ ಬರುವ ಸಲಹೆಗಳು ಸಾಮಾನ್ಯವಾಗಿ ಮೂರು: ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡಿ, ಡಬ್ಲ್ಯೂಡಿ-40 ಸ್ಪ್ರೇ ಮಾಡಿ, ಇಲ್ಲವೇ 'ಅಲ್ಯೂಮಿನಿಯಂ ತಾನೆ, ತುಕ್ಕು ಹಿಡಿಯಲ್ಲ, ಸುಮ್ಮನೆ ಬಿಡಿ'. ಮೂರರಲ್ಲೂ ಅಷ್ಟಿಷ್ಟು ನಿಜ ಇದೆ. ಆದರೆ ಅವನ್ನೇ ನಂಬಿ ಕೂತರೆ ಟ್ರೈಪಾಡ್ ಮಾತ್ರವಲ್ಲ, ಅದರ ಮೇಲೆ ಕೂರಿಸಿದ ಕ್ಯಾಮೆರಾ ಅಥವಾ ಫೋನ್ ಕೂಡ ನೆಲಕ್ಕೆ ಬೀಳಬಹುದು.

ಅಲ್ಯೂಮಿನಿಯಂಗೆ ಏನೂ ಆಗುವುದಿಲ್ಲವೇ?

ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ, ನಿಜ. ಗಾಳಿ ತಾಗಿದೊಡನೆ ಅಲ್ಯೂಮಿನಿಯಂ ಮೇಲೆ ಆಕ್ಸೈಡ್‌ನ ತೆಳುಪದರ ಮೂಡಿ ಒಳಗಿನ ಲೋಹವನ್ನು ಕಾಪಾಡುತ್ತದೆ. ಸಮುದ್ರದ ನೀರಿನ ಮುಂದೆ ಈ ಲೆಕ್ಕ ನಡೆಯುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಕೊರೆಯುತ್ತದೆ. ಲಾಕ್‌ಗಳ ಸಂದಿಯಲ್ಲಿ ಕಾಣುವ ಬಿಳಿ ಪುಡಿ ಇದರ ಗುರುತು.

ದುಬಾರಿ ಕಾರ್ಬನ್ ಫೈಬರ್ ಟ್ರೈಪಾಡ್ ಇದ್ದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಕೊಳವೆ ಕಾರ್ಬನ್ ಆದರೂ ಲಾಕ್ ಕೂರುವ ಭಾಗ ಸಾಮಾನ್ಯವಾಗಿ ಅಲ್ಯೂಮಿನಿಯಂ. ಇವೆರಡೂ ತಾಗಿರುವ ಜಾಗದಲ್ಲಿ ಉಪ್ಪುನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರಾಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ.

ಎಣ್ಣೆ ಬಿಟ್ಟರೆ ಏನು ತಪ್ಪು?

ಕರಕರ ಸದ್ದಿಗೆ ಕಾರಣ ಎಣ್ಣೆ ಕಡಿಮೆಯಾಗಿದ್ದಲ್ಲ, ಮರಳು. ಬಹುಪಾಲು ಮರಳಿನಲ್ಲಿರುವುದು ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದು 7, ಅಲ್ಯೂಮಿನಿಯಂ ಸುಮಾರು 3. ಮರಳಿನ ಮೇಲೆಯೇ ಎಣ್ಣೆ ಬಿಟ್ಟರೆ, ಗ್ಯಾರೇಜಿನಲ್ಲಿ ವಾಲ್ವ್ ಉಜ್ಜಲು ಬಳಸುವ ಪೇಸ್ಟ್‌ನಂಥದ್ದೇ ತಯಾರಾಗುತ್ತದೆ. ಸದ್ದು ಕಡಿಮೆಯಾಗುತ್ತದೆ, ಸವೆತ ಮುಂದುವರಿಯುತ್ತದೆ. ಅದಲ್ಲದೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಗಳೂರಿನ ಸೆಕೆಯಲ್ಲಿ ಹರಿದು ಎಲ್ಲೆಲ್ಲೋ ಇಳಿಯುವ ಎಣ್ಣೆ ಡಿಸೆಂಬರ್‌ನ ಮಡಿಕೇರಿ ಮುಂಜಾನೆಗೆ ಗಟ್ಟಿಯಾಗಿ ಕೂತಿರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಟ್ರೈಪಾಡ್ ನಿಲ್ಲುವುದೇ ಘರ್ಷಣೆಯ ಬಲದಿಂದ. ತಿರುಗಿಸುವ ಲಾಕ್‌ನ ಒಳಗೆ ಪ್ಲಾಸ್ಟಿಕ್ ತುಣುಕುಗಳಿರುತ್ತವೆ. ಲಾಕ್ ಬಿಗಿ ಮಾಡಿದಾಗ ಅವು ಕೊಳವೆಯನ್ನು ಅವುಚಿ ಹಿಡಿಯುತ್ತವೆ. ಅಲ್ಲಿಗೆ ಎಣ್ಣೆ ಇಳಿದರೆ ಎಷ್ಟು ಬಿಗಿ ಮಾಡಿದರೂ ಕಾಲು ಮೆಲ್ಲಗೆ ಜಾರುತ್ತದೆ. ಕ್ಯಾಮೆರಾ ಕೂರುವ ಬಾಲ್ ಹೆಡ್‌ನ ಗುಂಡಿಗೂ ಇದೇ ಮಾತು: ಅದು ಒಣಗಿರಬೇಕು, ಎಣ್ಣೆ, ಗ್ರೀಸ್ ಯಾವುದೂ ಬೇಡ.

ಡಬ್ಲ್ಯೂಡಿ-40 ಕಥೆಯೇನು?

1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತಯಾರಾದ ಇದರ ಹೆಸರಿನ ಅರ್ಥ 'ನೀರನ್ನು ಹೊರತಳ್ಳುವುದು, 40ನೇ ಪ್ರಯತ್ನ' ಎಂದು. ಮೊದಲು ಬಳಕೆಯಾದದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ತಡೆಯಲು. ಜಾರಿಸುವ ಗುಣ ಅದಕ್ಕೆ ಇಲ್ಲವೆಂದಲ್ಲ. ಆದರೆ ಪದರ ತೀರ ತೆಳು, ಜೊತೆಗೆ ಅದರಲ್ಲಿರುವ ದ್ರಾವಕ ಕಂಪನಿಯವರೇ ಹಚ್ಚಿದ್ದ ಗ್ರೀಸ್ ಅನ್ನು ಕರಗಿಸಿ ಹೊರಹಾಕಬಲ್ಲದು. ಸ್ಪ್ರೇ ಮಾಡಿದ ದಿನ ಹಾಯೆನಿಸುತ್ತದೆ, ಆಮೇಲೆ ಲಾಕ್ ಮೊದಲಿಗಿಂತ ಒರಟಾಗುತ್ತದೆ.

ಹಾಗಾದರೆ ಸರಿಯಾದ ಕ್ರಮ?

ಕೆಲಸ ಕಡಲತೀರದಲ್ಲೇ ಶುರುವಾಗುತ್ತದೆ. ಸಾಮಾನ್ಯವಾಗಿ ದಪ್ಪ ಭಾಗವನ್ನು ಮೊದಲು ಎಳೆಯಿರಿ ಎನ್ನುತ್ತಾರೆ. ನೀರಿನಲ್ಲಿ ನಿಲ್ಲಿಸುವಾಗ ಇದನ್ನು ಉಲ್ಟಾ ಮಾಡಿ. ಕೆಳಗಿನ ತೆಳ್ಳಗಿನ ಭಾಗವನ್ನೇ ಮೊದಲು ಪೂರ್ತಿ ಎಳೆದರೆ ಲಾಕ್ ನೀರಿನಿಂದ ಮೇಲಿರುತ್ತದೆ. ಮುಗಿದ ಮೇಲೆ ಒದ್ದೆ ಕಾಲನ್ನು ಹಾಗೇ ಒಳಗೆ ತಳ್ಳಬೇಡಿ, ಮರಳೂ ಜೊತೆಗೇ ಒಳಹೋಗುತ್ತದೆ. ಮೊದಲು ಬಾಟಲಿಯ ಸಿಹಿನೀರಿನಿಂದ ತೊಳೆಯಿರಿ.

ಮನೆಯಲ್ಲಿ ಕಾಲುಗಳನ್ನು ಪೂರ್ತಿ ಎಳೆದು, ನಲ್ಲಿ ನೀರಿನಲ್ಲಿ ಮತ್ತೊಮ್ಮೆ ತೊಳೆದು, ಲಾಕ್ ಸಡಿಲಿಸಿ ರಾತ್ರಿಯಿಡೀ ನೆರಳಿನಲ್ಲಿ ಒಣಗಿಸಿ. ಹೆಡ್ ಅನ್ನು ನೀರಿನಲ್ಲಿ ಮುಳುಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ವಿಡಿಯೊಗೆ ಬಳಸುವ ಫ್ಲೂಯಿಡ್ ಹೆಡ್ ಆಗಿದ್ದರೆ ಬಿಚ್ಚುವ ಸಾಹಸವೇ ಬೇಡ.

ಆಮೇಲೂ ಕರಕರ ಎಂದರೆ ತಿರುಗಿಸುವ ಲಾಕ್ ಬಿಚ್ಚಿ. ಒಮ್ಮೆಗೆ ಒಂದೇ ಕಾಲು. ಜೋಡಿಸುವಾಗ ಗೊಂದಲವಾದರೆ ಉಳಿದೆರಡು ಕಾಲುಗಳು ಮಾದರಿಗೆ ಇರುತ್ತವೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ, ಏಕೆಂದರೆ ಕೊಳವೆಯ ಮೇಲ್ತುದಿಯಿಂದ ಕಳಚಿ ಬರುವ ಪ್ಲಾಸ್ಟಿಕ್ ತುಣುಕುಗಳು ಯಾವ ಕಡೆ ಇದ್ದವೆಂಬುದು ಖಂಡಿತ ಮರೆತುಹೋಗುತ್ತದೆ. (ಅವು ಮಂಚದ ಕೆಳಗೆ ಉರುಳುವುದರಲ್ಲೂ ನಿಸ್ಸೀಮ, ತಟ್ಟೆಯೊಂದರಲ್ಲಿ ಹಾಕಿಡಿ.) ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಹಳೆಯ ಟೂತ್‌ಬ್ರಷ್‌ನಿಂದ ಲಾಕ್‌ನ ಥ್ರೆಡ್‌ಗಳನ್ನು ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ.

ಗ್ರೀಸ್ ಬೇಕಾಗುವುದು ಈಗ, ಅದೂ ಥ್ರೆಡ್‌ಗಳಿಗೆ ಮಾತ್ರ. ಸಿಲಿಕೋನ್ ಗ್ರೀಸ್ ಅಥವಾ ಬಿಳಿ ಲಿಥಿಯಂ ಗ್ರೀಸ್, ಒಂದು ಲಾಕ್‌ಗೆ ಹೆಸರುಕಾಳಿನಷ್ಟು. ಎರಡು ಮೂರು ಸಲ ತಿರುಗಿಸಿ, ಹೊರಗೆ ಬಂದದ್ದನ್ನು ಒರೆಸಿಬಿಡಿ. ಕೊಳವೆ ಮತ್ತು ಪ್ಲಾಸ್ಟಿಕ್ ತುಣುಕುಗಳು ಒಣಗಿಯೇ ಇರಲಿ. ವ್ಯಾಸಲೀನ್ ಬಗ್ಗೆ ಕೇಳುವವರಿದ್ದಾರೆ: ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದು ಕರಗಿ ಹರಿಯಬಹುದು, ಬೇಡ.

ಮೊಬೈಲ್‌ಗೆಂದು ಸಿಗುವ ಅಗ್ಗದ, ಕ್ಲಿಪ್ ಲಾಕ್‌ನ ಟ್ರೈಪಾಡ್‌ಗಳಲ್ಲಿ ಬಿಚ್ಚುವುದಕ್ಕೆ ಹೆಚ್ಚೇನಿಲ್ಲ. ತೊಳೆದು ಒಣಗಿಸಿ ಅಷ್ಟೇ. ಜಾರುತ್ತಿದ್ದರೆ, ಕ್ಲಿಪ್ ಪಕ್ಕದಲ್ಲಿ ಸ್ಕ್ರೂ ಇದ್ದಲ್ಲಿ ಅದನ್ನು ಸ್ವಲ್ಪ ಬಿಗಿ ಮಾಡಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ. ಪ್ಲಾಸ್ಟಿಕ್ ಬಿರುಕು ಬಿಡಬಹುದು, ಪೆಟ್ರೋಲ್‌ನಿಂದ ಬೆಂಕಿಯ ಅಪಾಯ ಬೇರೆ.

ಅಂದಹಾಗೆ, ಮನೆಯಲ್ಲಿರುವ ಡಬ್ಲ್ಯೂಡಿ-40 ಡಬ್ಬಿ ವ್ಯರ್ಥವಲ್ಲ. ಕ್ಯಾಮೆರಾ ಕೂರಿಸುವ ಕಾಲು ಇಂಚಿನ ಸ್ಕ್ರೂ ಸಾಮಾನ್ಯವಾಗಿ ಉಕ್ಕಿನದು, ಅದಕ್ಕೆ ತುಕ್ಕು ಹಿಡಿಯುತ್ತದೆ. ಬಟ್ಟೆಯ ಮೂಲೆಗೆ ಸ್ವಲ್ಪ ಸ್ಪ್ರೇ ಮಾಡಿ ಆ ಸ್ಕ್ರೂ ಒರೆಸಿ, ನಂತರ ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ.