ಪ್ರತಿಕಾಯ ಕೊರತೆಯುಳ್ಳವರಲ್ಲಿ ಹೆಪಟೈಟಿಸ್ ಸಿ

ಹುಟ್ಟಿನಿಂದಲೋ ಆಮೇಲೋ ಪ್ರತಿಕಾಯಗಳನ್ನು ತಯಾರಿಸುವ ಶಕ್ತಿ ಕುಂದಿದವರಿಗೆ ಸಾಮಾನ್ಯವಾಗಿ ಬದುಕಿರುವವರೆಗೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಬೇರೆಯವರ ಪ್ರತಿಕಾಯಗಳು, ಬೇಕು. ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟುಗೂಡಿಸಿ ಈ ಔಷಧವನ್ನು ತೆಗೆಯುತ್ತಾರೆ. ಈ ರೋಗಿಗಳಲ್ಲಿ ಹಲವರಿಗೆ ಹೆಪಟೈಟಿಸ್ ಸಿ ತಗುಲಿದ್ದು ಈ ಔಷಧದಿಂದಲೇ. 1980ರ ದಶಕದಲ್ಲಿ ಬ್ರಿಟನ್ ಮತ್ತು ಸ್ಕ್ಯಾಂಡಿನೇವಿಯಾದಲ್ಲಿ ಹೀಗಾದಾಗ ವೈರಸ್ಸಿಗೆ ಹೆಸರೂ ಇರಲಿಲ್ಲ. ಅದನ್ನು ಗುರುತಿಸಿದ್ದು 1989ರಲ್ಲಿ. ದೊಡ್ಡ ಅನಾಹುತ ನಡೆದದ್ದು ಮಾತ್ರ ದಾನಿಗಳ ತಪಾಸಣೆ ಬಿಗಿಯಾದ ನಂತರ. ಗ್ಯಾಮಾಗಾರ್ಡ್ ಎಂಬ ಉತ್ಪನ್ನದಿಂದ ಅಮೆರಿಕ ಮತ್ತು ಯುರೋಪಿನಲ್ಲಿ ಸೋಂಕು ಹರಡಿ, 1994ರ ಫೆಬ್ರವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಈ ವೈರಸ್ಸಿನ ವಿರುದ್ಧ ಪ್ರತಿಕಾಯವಿರುವ ದಾನಿಗಳನ್ನು ಹೊರಗಿಟ್ಟಾಗ, ವೈರಸ್ಸನ್ನು ಕಟ್ಟಿಹಾಕುತ್ತಿದ್ದ ಪ್ರತಿಕಾಯಗಳೂ ಪ್ಲಾಸ್ಮಾದಿಂದ ಹೊರಟುಹೋದವು. ಇನ್ನೂ ಪ್ರತಿಕಾಯ ಮೂಡದ ಹೊಸ ಸೋಂಕಿನ ದಾನಿಯ ವೈರಸ್ಸು ಔಷಧದೊಳಗೆ ಉಳಿದುಕೊಂಡಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಪ್ರತ್ಯೇಕ ಹಂತವನ್ನು ತಯಾರಿಕೆಯಲ್ಲಿ ಕಡ್ಡಾಯ ಮಾಡಿದ್ದು ಈ ಪೆಟ್ಟು ತಿಂದ ಮೇಲೆ.

ಪ್ರತಿಕಾಯ ಕೊರತೆಯವರಲ್ಲಿ ರೋಗ ಉಗ್ರವಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಕಲುಷಿತವಾಗಿದ್ದರಿಂದ 1977ರ ಸುಮಾರಿಗೆ ಸೋಂಕಿತರಾದ ಐರ್ಲೆಂಡಿನ ಮಹಿಳೆಯರಲ್ಲಿ, ಹದಿನೇಳು ವರ್ಷಗಳ ನಂತರ ಸಿರೋಸಿಸ್ (ಯಕೃತ್ತು ಗಾಯಗೊಂಡು ಗಡಸಾಗುವುದು) ಕಂಡದ್ದು ಸುಮಾರು ಶೇ. 2 ಮಂದಿಯಲ್ಲಿ. ಅವರ ರೋಗನಿರೋಧಕ ವ್ಯವಸ್ಥೆ ಸರಿಯಾಗಿತ್ತು. ಇದಕ್ಕೆ ಪ್ರತಿಯಾಗಿ, ನಾರ್ವೆಯ ವೈದ್ಯರು 1994ರಲ್ಲಿ ವರ್ಣಿಸಿದ ಪ್ರತಿಕಾಯ ಕೊರತೆಯ ರೋಗಿಗಳಲ್ಲಿ ಯಕೃತ್ತು ಬೇಗನೆ ಹದಗೆಟ್ಟಿತು, ಆಗಿನ ಚಿಕಿತ್ಸೆಯಾದ ಇಂಟರ್‌ಫೆರಾನ್ ಹೆಚ್ಚು ಫಲ ಕೊಡಲಿಲ್ಲ. ಆದರೆ ಪ್ರತಿಕಾಯವಿಲ್ಲದಿರುವುದೇ ಇದಕ್ಕೆಲ್ಲ ಕಾರಣ ಎನ್ನುವುದು ಅವಸರದ ತೀರ್ಮಾನ. ಪ್ರತಿಕಾಯ ತಯಾರಿಕೆಗೆ ಬೇಕಾದ ಬಿ ಕೋಶಗಳೇ ಹುಟ್ಟಿನಿಂದ ಇಲ್ಲದ ಬ್ರೂಟನ್ ಕಾಯಿಲೆಯವರಲ್ಲಿ ರೋಗ ಎಷ್ಟೋ ಸಲ ನಿಧಾನವಾಗಿ ಸಾಗಿದೆ. ಸೋಂಕಿತ ಕೋಶಗಳನ್ನು ಎದುರಿಸುವ ಟಿ ಕೋಶಗಳಲ್ಲೂ ದೋಷವಿರಬಹುದಾದ ಸಿವಿಐಡಿ (ಕಾಮನ್ ವೇರಿಯಬಲ್ ಇಮ್ಯುನೊಡೆಫಿಶಿಯೆನ್ಸಿ) ರೋಗಿಗಳಲ್ಲೇ ಉಗ್ರತೆ ಹೆಚ್ಚು. ಪ್ರತಿಕಾಯ ಕೊರತೆಯ ರೋಗಿಗಳಿಗೆ ಸೋಂಕಿನ ಆರಂಭದಲ್ಲೇ ಚಿಕಿತ್ಸೆ ಕೊಟ್ಟಾಗ ಕೆಲವರಲ್ಲಿ ವೈರಸ್ಸು ತೊಲಗಿತು, ಒಂದು ದಶಕದ ನಂತರವೂ ಅವರ ಟಿ ಕೋಶಗಳು ಅದನ್ನು ಗುರುತು ಹಿಡಿಯುತ್ತಿದ್ದವು. ಯಕೃತ್ತಿನ ಗತಿಯನ್ನು ನಿರ್ಧರಿಸುವುದರಲ್ಲಿ ಟಿ ಕೋಶಗಳ ಪಾಲು ದೊಡ್ಡದು.

ಬ್ರೂಟನ್ ಕಾಯಿಲೆ ಮತ್ತು ಸಿವಿಐಡಿ ರೋಗಿಗಳ ಈ ಹೋಲಿಕೆಗೆ ಆಕ್ಷೇಪ ಉಂಟು. ರೋಗಿಗಳು ಬೆರಳೆಣಿಕೆಯಷ್ಟು, ಬ್ರೂಟನ್ ಕಾಯಿಲೆಯವರು ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು, ಎಳೆಯ ವಯಸ್ಸಿನಲ್ಲಿ ತಗುಲಿದ ಹೆಪಟೈಟಿಸ್ ಸಿ ಹೇಗೂ ನಿಧಾನಗತಿಯದು. ಇದು ನ್ಯಾಯವಾದ ಮಾತೇ. ವ್ಯತ್ಯಾಸದ ಒಂದು ಪಾಲನ್ನು ವಯಸ್ಸಿಗೆ ಬಿಟ್ಟುಕೊಡಬೇಕು. ಆದರೆ ಪ್ರತಿಕಾಯವಿಲ್ಲದೆಯೂ ವೈರಸ್ಸು ತೊಲಗಿದ್ದನ್ನು ವಯಸ್ಸಿನ ಲೆಕ್ಕ ವಿವರಿಸುವುದಿಲ್ಲ. ಹಾಗೆಂದು ಪ್ರತಿಕಾಯ ನಿಷ್ಪ್ರಯೋಜಕವೂ ಅಲ್ಲ. ಪ್ರತಿಕಾಯವಿಲ್ಲದ ಒಬ್ಬ ರೋಗಿಯಲ್ಲಿ, ಎಡೆಬಿಡದೆ ರೂಪ ಬದಲಿಸುವುದೆಂದು ಹೆಸರಾದ ವೈರಸ್ ಹೊದಿಕೆಯ ಭಾಗ ವರ್ಷಗಟ್ಟಲೆ ಬದಲಾಗದೆ ಉಳಿದದ್ದು 1994ರಲ್ಲೇ ವರದಿಯಾಗಿದೆ. ಆ ಭಾಗ ವೇಷ ಮರೆಸುವುದು ಪ್ರತಿಕಾಯದ ಒತ್ತಡದಿಂದಲೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ವೈರಸ್ಸಿನ ಮೇಲೆಯೇ ಎರಗುವ ಸೊಫೋಸ್ಬುವಿರ್‌ನಂಥ ಮಾತ್ರೆಗಳು 2013ರಿಂದ ಬಂದ ಮೇಲೆ ಗುಣವಾಗಲು ರೋಗನಿರೋಧಕ ಶಕ್ತಿಯ ನೆರವನ್ನು ಅಷ್ಟಾಗಿ ಕಾಯಬೇಕಿಲ್ಲ. ತೊಡಕು ಉಳಿದಿರುವುದು ಪತ್ತೆಯಲ್ಲಿ. ಭಾರತದಲ್ಲಿ 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವೂ ಮೊದಲು ಹುಡುಕುವುದು ಪ್ರತಿಕಾಯವನ್ನೇ, ಅದು ಕಂಡರೆ ಮಾತ್ರ ವೈರಸ್ಸಿನ ಆರ್‌ಎನ್‌ಎ ಪರೀಕ್ಷೆ. ಸಾಮಾನ್ಯ ಜನರಿಗೆ ಇದು ಸರಿಯಾದ, ಅಗ್ಗದ ಕ್ರಮ. ಆದರೆ ಪ್ರತಿಕಾಯವನ್ನೇ ತಯಾರಿಸದವರಲ್ಲಿ ‘ನೆಗೆಟಿವ್’ ಎಂಬ ವರದಿಗೆ ಅರ್ಥವಿಲ್ಲ. ಅವರಿಗೆ ಮೊದಲ ಪರೀಕ್ಷೆಯೇ ಆರ್‌ಎನ್‌ಎ ಪಿಸಿಆರ್ ಆಗಿರಬೇಕು.