ಡೆವಿಲ್‌ಗಳನ್ನು ಪುಸ್ತಕದಿಂದ ತೆಗೆದರು, ದಾರಗನನ್ನು ಚೆನ್ನೆಮಣೆಯಿಂದ ಬಿಟ್ಟರು

ಮಾತಾಡ್ತಾ ಇರುವುದು ಮಂಗಳೂರಿನ ಬಿಕರ್ನಕಟ್ಟೆಯಿಂದ. ನಡುವೆ ಲಾರಿ ಹಾರ್ನ್ ಕೇಳಿದರೆ ಅದು ಫ್ಲೈಓವರ್‌ನದ್ದು, ಸ್ವಲ್ಪ ಸುಧಾರಿಸಿಕೊಳ್ಳಿ.

‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊತ್ತುಂಟು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಮಾತಲ್ಲೇ ಕಥೆ ಕಟ್ಟುವ ಆಟ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ತಂದಾಗ ಅದು ಮಕ್ಕಳಿಗೆ ಅಂತ ಮಾಡಿದ್ದಲ್ಲ. ಬೊಂಬೆ ಸೈನಿಕರನ್ನು ಇಟ್ಟುಕೊಂಡು ಯುದ್ಧದಾಟ ಆಡುವ ದೊಡ್ಡವರಿಗೆ ಬರೆದ ಮೂರು ಸಣ್ಣ ಪುಸ್ತಕ. ನಿಯಮ ಅರ್ಥ ಆಗಬೇಕಾದರೆ ಮೊದಲೇ ಆ ಲೋಕದವರಾಗಿರಬೇಕಿತ್ತು.

ಆಮೇಲೆ ಹುಡುಗರು ಬಂದರು. ಹುಡುಗರ ಹಿಂದೆ ಅಪ್ಪ-ಅಮ್ಮನ ಹೆದರಿಕೆಯೂ ಬಂತು. ಇದು ಸೈತಾನನ ಆಟ ಅಂತ ಅಮೆರಿಕದಲ್ಲಿ ದೊಡ್ಡ ಗಲಾಟೆ. ಮಗನನ್ನು ಕಳೆದುಕೊಂಡ ಪೆಟ್ರೀಷಿಯಾ ಪುಲ್ಲಿಂಗ್ ಎಂಬ ತಾಯಿ 1983ರಲ್ಲಿ ಆಟದ ವಿರುದ್ಧ ಒಂದು ಸಂಘಟನೆಯನ್ನೇ ಕಟ್ಟಿದರು. 1989ರ ಎರಡನೇ ಆವೃತ್ತಿಯಲ್ಲಿ ಕಂಪೆನಿ ‘ಡೆವಿಲ್’, ‘ಡೀಮನ್’ ಎಂಬ ಹೆಸರುಗಳನ್ನೇ ಕೈಬಿಟ್ಟಿತು. ಬಾಡಿಗೆ ಕೊಲೆಗಾರನ ಪಾತ್ರವೂ ಹೋಯಿತು. ಸ್ವಲ್ಪ ಸಮಯದ ನಂತರ ಅದೇ ರಾಕ್ಷಸರು ಬಾಟೆಜು, ಟನಾರಿ ಅಂತ ಬಾಯಿಗೆ ಬಾರದ ಹೆಸರು ಹೊತ್ತು ವಾಪಸ್ ಬಂದರು! 2000ದ ಮೂರನೇ ಆವೃತ್ತಿಗೆ ಹಳೇ ಹೆಸರೂ ಬಂತು. ಯಾಕೆಂದರೆ ಹೆದರಿದ ಅಪ್ಪ-ಅಮ್ಮಂದಿರ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು, ಪುಸ್ತಕಕ್ಕೆ ದುಡ್ಡು ಕೊಡುವವರು ಈಗ ಅವರೇ.

ಹೊಸಬರಿಗೆ, ಮಕ್ಕಳಿಗೆ ಅಂತಲೇ ಬಂದ 1983ರ ಕೆಂಪು ಪೆಟ್ಟಿಗೆ ಇನ್ನೂ ವಿಚಿತ್ರ. ಒಬ್ಬರೇ ಕೂತು ಓದಿ ಆಡುವ ಅದರ ಮೊದಲ ಕಥೆಯಲ್ಲಿ, ಜೊತೆಗೆ ಬಂದ ಅಲೀನಾ ಎಂಬ ಒಳ್ಳೆ ಹುಡುಗಿ ಸಾಯ್ತಾಳೆ. ಆಡಿದವರು ಈಗಲೂ ಅವಳನ್ನು ನೆನಪಿಸಿಕೊಳ್ತಾರೆ. ಅಂದರೆ ಮಕ್ಕಳ ಕಥೆಯಲ್ಲಿ ಸಾವು ಇರಬಾರದು ಅಂತ ಅದನ್ನು ಮಾಡಿದವರಿಗೆ ಅನಿಸಿರಲಿಲ್ಲ.

ಈಗ ನಮ್ಮೂರಿಗೆ ಬನ್ನಿ. ತುಳುನಾಡಿನ ಮೇಜಿನ ಆಟ ಅಂದರೆ ಚೆನ್ನೆಮಣೆ. ಮೇಜಲ್ಲ, ನೆಲ ಅನ್ನಿ. ಮರದ ಮಣೆ, ಎರಡು ಸಾಲು, ಸಾಲಿಗೆ 7 ಗುಳಿ. ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ. ಕಾಯಿ ಎತ್ತಿ ಒಂದೊಂದೇ ಹಾಕ್ತಾ ಹೋಗುವುದು. ಸೋತವರಿಗೆ ಮುಂದಿನ ಸುತ್ತಿನಲ್ಲಿ ಎಲ್ಲ ಗುಳಿ ತುಂಬಿಸಲು ಕಾಯಿ ಸಾಲುವುದಿಲ್ಲ, ಖಾಲಿ ಗುಳಿಗಳು ಎದುರಿಗೇ ಕಾಣ್ತವೆ. ಸೋಲು ನಿಧಾನ, ಎಲ್ಲರ ಕಣ್ಣೆದುರು. ಈ ಆಟದಲ್ಲಿ ಸಿಟ್ಟು ಯಾಕೆ ಬರ್ತದೆ ಅಂತ ಆಡಿದವರಿಗೆ ಹೇಳಬೇಕಾಗಿಲ್ಲ.

ಆ ಸಿಟ್ಟಿನ ಕಥೆ ಸಿರಿ ಪಾಡ್ದನದಲ್ಲಿ ಉಂಟು. ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಹೆತ್ತವರು ಮನೆಯಲ್ಲಿಲ್ಲ, ಇಬ್ಬರೂ ಚೆನ್ನೆಗೆ ಕೂರ್ತಾರೆ. ಅಬ್ಬಗ ಸೋಲ್ತಾಳೆ. ಮಾತಿಗೆ ಮಾತು ಬೆಳೆದು ಅದೇ ಮಣೆಯಿಂದ ತಂಗಿಗೆ ಹೊಡೀತಾಳೆ. ದಾರಗ ಸಾಯ್ತಾಳೆ. ಹೆಣವನ್ನು ಬಾವಿಗೆ ಹಾಕಿ ತಾನೂ ಹಾರ್ತಾಳೆ. ಸಮಾಧಾನದ ಮಾತಿಲ್ಲ, ನೀತಿಪಾಠ ಇಲ್ಲ. ಹಾಡಿದವರು ಹೊಲ-ಮನೆಯಲ್ಲಿ ದುಡಿಯುವ ದೊಡ್ಡವರು, ಹೆಚ್ಚಾಗಿ ಹೆಂಗಸರು. ತವರು, ಗಂಡನ ಮನೆ, ಆಸ್ತಿ ಎಲ್ಲ ಅನುಭವಿಸಿದವರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ತಂಡ 1990ರಲ್ಲಿ ಗೋಪಾಲ ನಾಯ್ಕರ ಬಾಯಿಂದ ಸಿರಿಯ ಕಥೆಯನ್ನು ಪೂರ್ತಿ ದಾಖಲಿಸಿತು. 1998ರಲ್ಲಿ ಅಚ್ಚಾದಾಗ 15,683 ಸಾಲು.

ಕಥೆ ಮನೆಗಳಲ್ಲಿ ನಿಯಮವಾಗಿ ಉಳಿಯಿತು. ಅಕ್ಕ-ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು. ಆಟಿ ತಿಂಗಳಲ್ಲಿ ಆಡಿ, ಆಟಿ ಮುಗಿದ ಮೇಲೆ ಮಣೆ ಎತ್ತಿಡಬೇಕು. ಕಾರಣ ಕೇಳಿದರೆ ಅಜ್ಜಿ ಅಬ್ಬಗ-ದಾರಗರ ಕಥೆ ಹೇಳುತ್ತಿದ್ದರು. ಮಕ್ಕಳಿಗೇ ಹೇಳುತ್ತಿದ್ದರು, ಗಮನಿಸಿ.

ಈಗಿನ ಆವೃತ್ತಿ ನೀವು ನೋಡಿರ್ತೀರಿ. ಕಾಲೇಜು, ಸಂಘಗಳ ‘ಆಟಿಡೊಂಜಿ ದಿನ’ದಲ್ಲಿ ಪತ್ರೊಡೆ ಪಕ್ಕದಲ್ಲಿ ಒಂದು ಚೆನ್ನೆಮಣೆ, ಅದರ ಜೊತೆ ಸೆಲ್ಫಿ. ಆನ್‌ಲೈನಲ್ಲಿ ಮಾರುವವರು ಲೆಕ್ಕ ಕಲಿಯಲು ಒಳ್ಳೆಯದು, ಮೆದುಳಿಗೆ ವ್ಯಾಯಾಮ ಅಂತಾರೆ. ಗಿರಾಕಿ ಈಗ ಮಗುವಿನ ಅಮ್ಮ, ಇಲ್ಲವೇ ದುಬೈಯಲ್ಲಿ ಕೂತು ಊರು ನೆನಪಿಸಿಕೊಳ್ಳುವ ನಮ್ಮವರು. ಅವರಿಗೆ ಹೆಣ ಬಿದ್ದ ಕಥೆ ಮಾರಲು ಆಗುವುದಿಲ್ಲ. ಡಂಜನ್ಸ್‌ನಲ್ಲಿ ಕಂಪೆನಿ ಕೂತು ತೀರ್ಮಾನ ಮಾಡಿತು. ಇಲ್ಲಿ ಯಾರೂ ತೀರ್ಮಾನ ಮಾಡಲಿಲ್ಲ, ಸುಮ್ಮನೆ ಬಿಟ್ಟು ಹೋಯಿತು ಅಷ್ಟೆ. ನನ್ನ ಪ್ರಕಾರ ಇದೇ ಹೆಚ್ಚು ಅಪಾಯ ಮಾರಾಯ್ರೆ. ಕಂಪೆನಿ ತೆಗೆದದ್ದನ್ನು ಹನ್ನೊಂದು ವರ್ಷದ ಮೇಲೆ ವಾಪಸ್ ಹಾಕಬಹುದು, ಹಳೇ ಪುಸ್ತಕ ಕಪಾಟಿನಲ್ಲಿರ್ತದೆ. ಪಾಡ್ದನ ಮಾತ್ರ ಹಾಡುವವರ ಜೊತೆಗೇ ಹೋಗ್ತದೆ. ಒಬ್ಬರದ್ದು ದಾಖಲಾಯಿತು, ಆದರೆ ಒಬ್ಬೊಬ್ಬರ ಬಾಯಲ್ಲಿ ಅದು ಬೇರೆ ಬೇರೆ.

ಆದರೂ ಒಂದು ಜಾಗದಲ್ಲಿ ಹಳೇ ಆವೃತ್ತಿ ಹಾಗೇ ಉಂಟು. ನಂದಳಿಕೆ, ಕವತ್ತಾರಿನ ಸಿರಿ ಜಾತ್ರೆಗೆ ಹುಣ್ಣಿಮೆ ರಾತ್ರಿ ಹೋಗಿ. ಸಿಂಗಾರ ಹೂ ಹಿಡಿದ ನೂರಾರು ಹೆಂಗಸರ ಮೈಮೇಲೆ ಸಿರಿ ಬರ್ತಾಳೆ, ಸೊನ್ನೆ ಬರ್ತಾಳೆ, ಅಬ್ಬಗ-ದಾರಗರೂ ಬರ್ತಾರೆ. ಜನ ಅವರ ಜೊತೆ ಮಾತಾಡ್ತಾರೆ, ಕಷ್ಟ ಕೇಳ್ತಾರೆ, ಸಮಾಧಾನ ಹೇಳ್ತಾರೆ. ಅಲ್ಲಿ ಮೊಬೈಲ್ ಸ್ವಲ್ಪ ಕೆಳಗಿಡಿ.