ಅಂಗೈಯಲ್ಲಿ ಚೆಂದ, ಗೋಡೆಯ ಮೇಲೆ ಮಸುಕು

ಊರಿನಲ್ಲಿ ನಡೆದ ಗೃಹಪ್ರವೇಶದ ವಿಡಿಯೋ ವಾಟ್ಸಾಪ್‌ನಲ್ಲಿ ಬರುತ್ತದೆ. ಮೊಬೈಲಿನಲ್ಲಿ ಎಲ್ಲವೂ ಸ್ಪಷ್ಟ. ಅದನ್ನೇ ಪುಣೆಯಲ್ಲೋ ಚೆನ್ನೈನಲ್ಲೋ ಇರುವ ಮನೆಯ 55 ಇಂಚಿನ ಟಿವಿಗೆ ಹಾಕಿದರೆ ಮುಖಗಳು ಮೇಣದ ಬೊಂಬೆಯಂತಾಗುತ್ತವೆ, ಸೀರೆಯ ಅಂಚು ಕದಡುತ್ತದೆ, ಹಿಂದಿನ ಗೋಡೆಯ ಮೇಲೆ ಚೌಕುಳಿಗಳು ಏಳುತ್ತವೆ. ಬೈಗುಳ ಟಿವಿಗೋ ಕ್ಯಾಮೆರಾಕ್ಕೋ ಬೀಳುತ್ತದೆ. ಆದರೆ ಆ ಚೌಕುಳಿಗಳಿಗೆ ಐವತ್ತು ವರ್ಷದ ಇತಿಹಾಸವಿದೆ. ಅದು ಶುರುವಾಗುವುದು ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಇಂಜಿನಿಯರ್‌ನಿಂದ.

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ. ಇಂದು ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದರು. 1966ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಚಿತ್ರದ ಮಾಹಿತಿಯನ್ನು ಅಡಕಗೊಳಿಸುವ ಒಂದು ಗಣಿತ ವಿಧಾನದ ಸಂಶೋಧನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಲ್ಲಿ ಹಣ ಕೇಳಿದರು. ಹಣ ಸಿಗಲಿಲ್ಲ. ಕಲ್ಪನೆ ತೀರಾ ಸರಳವಾಯಿತು ಎಂದು ಒಬ್ಬ ಪರಿಶೀಲಕರು ಹೇಳಿದ್ದನ್ನು ಅವರು ಮುಂದೆ ನೆನಪಿಸಿಕೊಂಡು ಬರೆದರು. 1973ರ ಬೇಸಿಗೆಯನ್ನು ಅದಕ್ಕೇ ಮೀಸಲಿಟ್ಟರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಬರೆದ ಪುಟ್ಟ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ವಿಧಾನದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ.

ಅದರ ಬಳಕೆ ಹೀಗೆ. ಚಿತ್ರವನ್ನು ಪುಟ್ಟ ಚೌಕಗಳಾಗಿ, ಸಾಮಾನ್ಯವಾಗಿ ಸಾಲಿಗೆ 8ರಂತೆ 64 ಚುಕ್ಕೆಗಳ ಚೌಕಗಳಾಗಿ, ಕತ್ತರಿಸುತ್ತಾರೆ. ಪ್ರತಿ ಚೌಕದಲ್ಲಿ ಬೆಳಕು ನಿಧಾನವಾಗಿ ಬದಲಾಗುವ ಭಾಗ ಎಷ್ಟು, ಥಟ್ಟನೆ ಬದಲಾಗುವ ಸೂಕ್ಷ್ಮ ಭಾಗ ಎಷ್ಟು ಎಂದು ಡಿಸಿಟಿ ಬೇರ್ಪಡಿಸಿ ಕೊಡುತ್ತದೆ. ಅದು ತಾನಾಗಿ ಏನನ್ನೂ ಬಿಸಾಡುವುದಿಲ್ಲ. ಏನನ್ನು ಬಿಸಾಡಬಹುದು ಎಂದು ವಿಂಗಡಿಸಿ ಇಡುತ್ತದೆ. ನಮ್ಮ ಕಣ್ಣು ಸೂಕ್ಷ್ಮ ಭಾಗದ ಕೊರತೆಯನ್ನು ಅಷ್ಟಾಗಿ ಗಮನಿಸದ ಕಾರಣ ಮುಂದಿನ ಹಂತದಲ್ಲಿ ಕತ್ತರಿ ಬೀಳುವುದು ಅದಕ್ಕೆ. 1988ರ ಎಚ್.261, 1992ರ ಜೆಪೆಗ್, 1993ರ ಎಂಪೆಗ್-1, 2003ರ ಎಚ್.264 ಎಲ್ಲವೂ ಈ ತಳಹದಿಯ ಮೇಲೆ ನಿಂತವು.

ಇದಿಲ್ಲದೆ ಮೊಬೈಲಿನಲ್ಲಿ ವಿಡಿಯೋ ಸಾಧ್ಯವಿರಲಿಲ್ಲ. ಫುಲ್ ಎಚ್‌ಡಿಯ ಒಂದು ಚೌಕಟ್ಟಿನಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು. ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 30 ಚೌಕಟ್ಟು ಎಂದರೆ ಒಂದು ನಿಮಿಷಕ್ಕೆ 11 ಜಿಬಿ ಆಗುತ್ತದೆ. ಮೊಬೈಲು ಅದನ್ನು ನೂರು ಎಂಬಿಯ ಆಸುಪಾಸಿಗೆ ಇಳಿಸುತ್ತದೆ. ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ಉಳಿದಿದೆ. ಆದರೂ ಹಗಲು ಬೆಳಕಿನಲ್ಲಿ ತೆಗೆದ ಇಂಥ ವಿಡಿಯೋ ದೊಡ್ಡ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ರಾತ್ರಿಯ ಮದುವೆಮನೆಯಲ್ಲಿ ಕಥೆ ಬೇರೆ. ಸಣ್ಣ ಸೆನ್ಸರ್‌ಗೆ ಬೆಳಕು ಸಾಲದೆ ಚಿತ್ರದ ತುಂಬ ರವೆಯಂಥ ಕಾಳು ಹರಡುತ್ತದೆ. ಆ ಕಾಳೂ ಸೂಕ್ಷ್ಮ ವಿವರವೇ. ಅದನ್ನು ಅಳಿಸಲು ಹೋದಾಗ ಕೂದಲು, ನೆರಿಗೆ, ಜರಿ ಕೂಡ ಅಳಿಯುತ್ತವೆ.

ನಿಜವಾದ ಪೆಟ್ಟು ಬೀಳುವುದು ಕಳಿಸುವಾಗ. ವಾಟ್ಸಾಪ್‌ನಲ್ಲಿ ವಿಡಿಯೋಗೆ ಬಹುಕಾಲ 16 ಎಂಬಿಯ ಮಿತಿಯಿತ್ತು. ಮೂರು ನಿಮಿಷವನ್ನು ಅಷ್ಟರಲ್ಲಿ ತುರುಕಿದರೆ ಸೆಕೆಂಡಿಗೆ ಸಿಗುವುದು 0.7 ಮೆಗಾಬಿಟ್. 1993ರ ವಿಡಿಯೋ ಸಿಡಿಯಲ್ಲೇ 1.15 ಮೆಗಾಬಿಟ್ ಇತ್ತು! ಇಂದಿನ ವಿಧಾನಗಳು ಹೆಚ್ಚು ಜಾಣವಾದ್ದರಿಂದ ಇಷ್ಟು ಕಡಿಮೆಯಲ್ಲೂ ಮೊಬೈಲಿನ ಮಟ್ಟಿಗೆ ಚಿತ್ರ ಚೆನ್ನಾಗಿರುತ್ತದೆ.

ವಿಡಿಯೋ ಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ ಮಾತ್ರ. ಹಳೆಯ ಡಬ್ಬಾ ಟಿವಿಯ ಪರದೆಯೇ ಸ್ವಲ್ಪ ಮೃದುವಾಗಿದ್ದರಿಂದ ಕೊರತೆ ಮರೆಯಾಗುತ್ತಿತ್ತು. ಈಗಿನ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ, ಎಲ್ಲವನ್ನೂ ತುಂಬಲೇಬೇಕು. 640ಕ್ಕೆ 360ರ ವಿಡಿಯೋ ಬಂದರೆ ಒಂದೊಂದು ಚುಕ್ಕೆಯಿಂದ 36 ಚುಕ್ಕೆ ಹುಟ್ಟಿಸಬೇಕು. ಇಲ್ಲದ ವಿವರವನ್ನು ಟಿವಿ ಊಹಿಸುತ್ತದೆ. ಶಾರ್ಪ್‌ನೆಸ್ ಏರಿಸಿಟ್ಟಿದ್ದರೆ ಚೌಕಗಳ ಅಂಚೂ ತಿದ್ದಿ ತೀಡಿದಂತೆ ಎದ್ದು ಕಾಣುತ್ತದೆ. ಅಂಗೈಯಲ್ಲಿ ಅಡಗಿದ್ದ ನಷ್ಟ ಗೋಡೆಯ ಮೇಲೆ ಬಯಲಾಗುತ್ತದೆ.

ಬಿಸಾಡಿದ್ದು ಮತ್ತೆ ಬರುವುದಿಲ್ಲ. ಬಂದ ವಿಡಿಯೋವನ್ನು ಎಡಿಟ್ ಮಾಡಿ, ಸ್ಟೇಟಸ್‌ಗೆ ಹಾಕಿ, ಅಲ್ಲಿಂದ ಇನ್ನೊಬ್ಬರು ಇಳಿಸಿ ಕಳಿಸಿದರೆ ಪ್ರತಿ ಸಲವೂ ಹೊಸ ಕತ್ತರಿ. ದೂರದ ಊರಿನಲ್ಲಿರುವ ನಮ್ಮಂಥವರ ಬಳಿ ಅಜ್ಜಿಯ ಕೊನೆಯ ಹಬ್ಬದ ದೃಶ್ಯ ಇರುವುದು ಹೀಗೆ ಬಂದ ಪ್ರತಿಯಾಗಿಯೇ. ಮೂಲ ಇರುವುದು ತೆಗೆದವರ ಫೋನಿನಲ್ಲಿ. ಅವರು ಜಾಗ ಸಾಲದೆ ಅಳಿಸಿದ ದಿನ, ಅಥವಾ ಫೋನು ಬದಲಾಯಿಸಿದ ದಿನ, ಅದೂ ಹೋಗುತ್ತದೆ.

ಆದ್ದರಿಂದ ಮುಖ್ಯವಾದ ವಿಡಿಯೋವನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. 2022ರಿಂದ ವಾಟ್ಸಾಪ್‌ನಲ್ಲಿ 2 ಜಿಬಿವರೆಗಿನ ಕಡತ ಹೀಗೆ ಹೋಗುತ್ತದೆ, ಕತ್ತರಿಯಿಲ್ಲದೆ. 'ಎಚ್‌ಡಿ' ಆಯ್ಕೆ ಸಾಧಾರಣ ಕಳಿಸುವಿಕೆಗಿಂತ ಮೇಲು, ಆದರೆ ಅದೂ ಮೂಲವಲ್ಲ. ಟಿವಿಯಲ್ಲಿ ನೋಡುವಾಗ ಮೊಬೈಲಿನ ಪರದೆಯನ್ನು ಮಿರರ್ ಮಾಡುವ ಬದಲು ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿ ನೋಡಿ. ಮುಂದಿನ ಸಲ ಊರಿಗೆ ಹೋದಾಗ ತಮ್ಮನದೋ ಚಿಕ್ಕಪ್ಪನದೋ ಫೋನಿನಿಂದ ಮೂಲವನ್ನೇ ನಕಲು ಮಾಡಿಕೊಂಡು ಬನ್ನಿ. ಅವರು ಹೊಸ ಫೋನು ಕೊಳ್ಳುವ ಮೊದಲೇ.